ಪಥ್ಯ ಮುರಿದವಳು

“ಮೇಡಂ, ಅವರ ಪ್ಯಾಂಟಿನ ಜೇಬಲ್ಲಿ ತೂಕದ ಕಲ್ಲಿದೆ.”

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ರಕ್ಷಿತಾಳಿಗೆ ತಾನು ಏನು ಹೇಳಿಬಿಟ್ಟೆನೆಂದು ಹೊಳೆದದ್ದು. ಚಾಮರಾಜಪೇಟೆಯ ಆ ಕ್ಷಯ ಚಿಕಿತ್ಸಾ ಕೇಂದ್ರದ ತೆರೆದ ಜಗಲಿಯಲ್ಲಿ, ತೂಕ ಮಾಡಿಸಲು ಸಾಲಾಗಿ ನಿಂತಿದ್ದ ಹತ್ತು ಹನ್ನೆರಡು ಮಾಸ್ಕುಗಳು ಒಟ್ಟಿಗೆ ಅವಳ ಕಡೆ ತಿರುಗಿದವು.

ಯಂತ್ರದ ಮೇಲೆ ನಿಂತಿದ್ದವನೂ ತಿರುಗಿದ. ಎತ್ತರದ ಆಳು. ಶರ್ಟು ಮೈಮೇಲಿದ್ದರೂ ಹ್ಯಾಂಗರಿನಲ್ಲಿ ನೇತುಹಾಕಿದಂತಿತ್ತು. ಮಾಸ್ಕಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣುಗಳಲ್ಲಿ ಮಾತ್ರ ಬೇಕಾದಷ್ಟು ಜೀವವಿತ್ತು. ಆ ಕ್ಷಣಕ್ಕೆ ಅದಷ್ಟೂ ಕೋಪವಾಗಿತ್ತು.

ಆಹಾರ ತಜ್ಞೆ ಯಶಶ್ರೀ ಕೈ ಚಾಚಿದರು. ಅವನು ಎಡಜೇಬಿನಿಂದ ಒಂದು ಕಬ್ಬಿಣದ ಕಲ್ಲು, ಬಲಜೇಬಿನಿಂದ ಇನ್ನೊಂದು ತೆಗೆದು ಮೇಜಿನ ಮೇಲಿಟ್ಟ. ತರಕಾರಿ ತೂಗುವ, ಒಂದೊಂದು ಕಿಲೋದ ಕಲ್ಲುಗಳು. ನಲವತ್ತೇಳು ತೋರಿಸುತ್ತಿದ್ದ ಯಂತ್ರ ನಲವತ್ತೈದಕ್ಕೆ ಇಳಿಯಿತು. ಒಂದು ತಿಂಗಳ ಹಿಂದೆ ಮಾತ್ರೆ ಶುರುವಾದಾಗ ಅವನು ಇದಕ್ಕಿಂತ ಒಂದೂವರೆ ಕಿಲೋ ಹೆಚ್ಚೇ ಇದ್ದ.

ಧರ್ಮೇಂದ್ರ ಎಂದು ಕಾರ್ಡಿನಲ್ಲಿ ಹೆಸರಿತ್ತು. ಗಾಂಧಿ ಬಜಾರಿನಲ್ಲಿ ತರಕಾರಿ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಊರಿಗೆಲ್ಲ ಸರಿಯಾದ ತೂಕ ಕೊಡುವ ಮನೆತನದ ಹುಡುಗ ತನ್ನ ತೂಕಕ್ಕೆ ಮಾತ್ರ ಕಲ್ಲು ಕಟ್ಟಿಕೊಂಡು ಬಂದಿದ್ದ!

ರಕ್ಷಿತಾಳಿಗೂ ಒಂದು ದೌರ್ಬಲ್ಯವಿತ್ತೆನ್ನಿ. ಬಸವನಗುಡಿಯ ಒಂದು ಕಾಲೇಜಿನಲ್ಲಿ ಅವಳು ಭೌತಶಾಸ್ತ್ರದ ಲ್ಯಾಬ್ ಅಸಿಸ್ಟೆಂಟ್. ಸುಳ್ಳು ರೀಡಿಂಗ್ ಬರೆದ ಹುಡುಗರನ್ನು ಒಂದು ದಿನವೂ ಬಿಟ್ಟವಳಲ್ಲ. ಆ ಜೋತುಬಿದ್ದ ಜೇಬುಗಳನ್ನು ನೋಡಿ ಸುಮ್ಮನಿರಲು ಅವಳಿಂದ ಆಗಲಿಲ್ಲ.

ಮುಂದಿನ ಸರದಿ ಅವಳದೇ. ಜೇಬಿಲ್ಲದ ಚೂಡಿದಾರ್, ಕೈಯಲ್ಲಿ ಬಳೆಯೂ ಇಲ್ಲ. ಯಂತ್ರ ಮೂವತ್ತನಾಲ್ಕು ತೋರಿಸಿತು. ಹೋದ ತಿಂಗಳು ಮೂವತ್ತೈದಿತ್ತು. ಯಶಶ್ರೀ ಟೇಪು ತೆಗೆದು ತೋಳಿನ ಸುತ್ತಳತೆ ನೋಡಿದರು. ಟೇಪು ಸುತ್ತಿ ಬಂದು ಬೇಗ ಸೇರಿಕೊಂಡದ್ದನ್ನು ನೋಡಿ ರಕ್ಷಿತಾಳಿಗೇ ನಾಚಿಕೆಯಾಯಿತು.

“ನಾನು ಕಲ್ಲಿಟ್ಟು ಮೋಸ ಮಾಡಿದೆ,” ಹಿಂದಿನಿಂದ ಅವನ ಧ್ವನಿ ಬಂತು. “ನಿಮ್ದೂ ಇಳ್ದಿದೆಯಲ್ಲ, ಇದ್ಯಾವ ಸೀಮೆ ನಿಯತ್ತು?”

ರಕ್ಷಿತಾಳ ಕಣ್ಣು ತುಂಬಿಬಂತು. ಇವನ್ಯಾರು ನನ್ನನ್ನು ಕೇಳೋಕೆ... ಅಂದುಕೊಂಡಳು.

ಯಶಶ್ರೀ ಇಬ್ಬರನ್ನೂ ಒಟ್ಟಿಗೆ ಕಿಟಕಿಗಳೆಲ್ಲ ತೆರೆದ ತಮ್ಮ ಕೋಣೆಗೆ ಕರೆದು, ದೂರ ದೂರದ ಕುರ್ಚಿಗಳಲ್ಲಿ ಕೂರಿಸಿದರು. ಕೋಪ ಬಂದರೆ ಅವರ ಧ್ವನಿ ಇನ್ನೂ ಮೆತ್ತಗಾಗುತ್ತಿತ್ತು. ಇಬ್ಬರಿಗೂ ಬಂದಿರುವುದು ಮಾಮೂಲಿ ಔಷಧಿಗೆ ಬಗ್ಗದ ಕ್ಷಯ, ಇದಕ್ಕೆ ಇರುವ ಮಾತ್ರೆಗಳೇ ಕೆಲವು, ಮೊದಲೆರಡು ತಿಂಗಳಲ್ಲಿ ತೂಕ ಏರಿದವರು ಗೆಲ್ಲುವ ಸಾಧ್ಯತೆ ಹೆಚ್ಚು, ಇಳಿಯುತ್ತಾ ಹೋದವರ ವಿಷಯದಲ್ಲಿ ತಮಗೆ ಭಯ ಎಂದು ಬಿಡಿಸಿ ಹೇಳಿದರು.

“ಬೆಂಕಿಕಡ್ಡಿ ನಾವು ಕೊಟ್ಟಿದೀವಿ. ಒಲೆಗೆ ಸೌದೆ ನೀವು ಹಾಕ್ಬೇಕು. ಬರೀ ಕಡ್ಡಿ ಗೀರ್ತಾ ಕೂತ್ರೆ ಅನ್ನ ಬೇಯುತ್ತಾ?”

ಆಮೇಲೆ ಇಬ್ಬರನ್ನೂ ದಿನವಿಡೀ ಏನೇನು ತಿನ್ನುತ್ತೀರೆಂದು ಕೇಳಿದರು. ರಕ್ಷಿತಾ ಹೇಳಿದಳು. ಬೆಳಿಗ್ಗೆ ಐದಕ್ಕೆ ಬರೀ ಹೊಟ್ಟೆಯಲ್ಲಿ ಬಿಸಿನೀರಿನ ಜೊತೆ ಮಾತ್ರೆ. ಮಧ್ಯಾಹ್ನ ಮೆತ್ತಗಿನ ಅನ್ನ, ಮೆಣಸಿನ ಸಾರು. ರಾತ್ರಿ ಅದೇ. ಕಡಲೆಕಾಯಿ ಪಿತ್ತ, ಮೊಸರು ಕಫ, ಬಾಳೆಹಣ್ಣು ಶೀತ, ಮೊಟ್ಟೆಯ ಮಾತೇ ಇಲ್ಲ. ಅಜ್ಜಿಯ ಪಥ್ಯ. ಗಟ್ಟಿ ಔಷಧಿಗೆ ಗಟ್ಟಿ ಪಥ್ಯ.

ಯಶಶ್ರೀ ಪೆನ್ನು ಕೆಳಗಿಟ್ಟರು. ಆ ಮಾತ್ರೆಗಳಲ್ಲಿ ಮುಖ್ಯವಾದದ್ದು ಹೊಟ್ಟೆ ತುಂಬ ತಿಂದ ಮೇಲೆ ತೆಗೆದುಕೊಂಡರೆ ಮಾತ್ರ ಮೈಗೆ ಸರಿಯಾಗಿ ಹತ್ತುವುದೆಂದೂ, ಒಂದು ತಿಂಗಳಿಂದ ಅದರ ಅರ್ಧದಷ್ಟು ಬಲ ಸುಮ್ಮನೆ ಹೋಗಿದೆಯೆಂದೂ ಹೇಳಿದಾಗ ರಕ್ಷಿತಾ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಮೊದಲ ದಿನವೇ ಕೊಟ್ಟಿದ್ದ ಚೀಟಿಯಲ್ಲಿ ಅದು ಅಚ್ಚಾಗಿಯೇ ಇತ್ತು. ಚೀಟಿ ಹೇಳಿದ್ದಕ್ಕಿಂತ ಅಜ್ಜಿ ಹೇಳಿದ್ದೇ ಆ ಮನೆಯಲ್ಲಿ ಹೆಚ್ಚು.

ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಒಂದು ತುದಿಯಲ್ಲಿ ಅವನು ಕೂತಿದ್ದ. ರಕ್ಷಿತಾ ದಾಟಿ ಹೋಗಬೇಕೆಂದುಕೊಂಡವಳು ಯಾಕೋ ನಿಂತಳು. ಎಲ್ಲರೆದುರು ಹೇಳಿಬಿಟ್ಟದ್ದಕ್ಕೆ ಕ್ಷಮೆ ಕೇಳಿದಳು. ಕಲ್ಲು ಯಾಕೆ ಇಟ್ಟುಕೊಂಡಿದ್ದು ಎಂದೂ ಕೇಳಿದಳು.

ಅವನು ನಿಧಾನವಾಗಿ ಹೇಳಿದ. ಮಾತ್ರೆ ನುಂಗಿದರೆ ವಾಂತಿ, ಅನ್ನದ ವಾಸನೆ ಬಂದರೂ ವಾಂತಿ. ಈ ತಿಂಗಳೂ ತೂಕ ಏರದಿದ್ದರೆ ಈ ಔಷಧಿಯೇ ಬೇಡ, ಹೊಸಕೋಟೆ ಆಚೆ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆಂದು ಅವನ ತಾಯಿ ಅಂಜನಮ್ಮ ಹಟ ಹಿಡಿದಿದ್ದರು. ಮಾತ್ರೆ ತಪ್ಪಬಾರದೆಂದು ಅವನು ಕಂಡುಕೊಂಡ ಉಪಾಯ ಅದು. ತಕ್ಕಡಿಯೊಂದಿಗೆ ಬೆಳೆದವನಿಗೆ ಬೇರೆ ಉಪಾಯ ಹೊಳೆಯುವುದಾದರೂ ಹೇಗೆ?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಇಬ್ಬರಿಗೆ ಎರಡೂ ಬರುತ್ತಿರಲಿಲ್ಲ. ಆದ್ದರಿಂದ ರೋಗವೂ ಇತ್ತು, ಜಗಳವೂ ಆಗಿತ್ತು.

“ಒಂದು ಕೆಲ್ಸ ಮಾಡೋಣ,” ಎಂದ ಧರ್ಮೇಂದ್ರ. “ಬೆಳಿಗ್ಗೆ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡ್ತೀನಿ. ನೀವು ತಿನ್ನೋದು ನಾನು ನೋಡ್ತೀನಿ. ನಾನು ತಿನ್ನೋದು ನೀವು ನೋಡಿ. ಇಬ್ಬರೂ ಕಳ್ಳರೇ, ಒಬ್ಬರನ್ನೊಬ್ಬರು ಕಾಯೋಣ.”

ಅವಳು ನಕ್ಕಳು. ಮಾಸ್ಕಿನೊಳಗಿನ ನಗು ಅವನಿಗೆ ಕಾಣಲಿಲ್ಲ. ಕಣ್ಣಲ್ಲಿ ಕಂಡಿರಬೇಕು.

* * *

ತ್ಯಾಗರಾಜನಗರದ ಮನೆಯಲ್ಲಿ ರಕ್ಷಿತಾ ಮತ್ತು ಅಜ್ಜಿ ಮುನಿಲಕ್ಷ್ಮಮ್ಮ ಇಬ್ಬರೇ. ತಾಯಿ ಅವಳು ಹುಟ್ಟಿದ ವರ್ಷವೇ ಹೋಗಿದ್ದರು. ತಂದೆ ಹೋದಾಗ ಅವಳಿಗೆ ಹನ್ನೊಂದು ವರ್ಷ. ಅವರದೂ ಇದೇ ಕಾಯಿಲೆ. ಆ ಮನೆಯಲ್ಲಿ ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅಜ್ಜಿ ಪ್ರತಿದಿನ ಒಂಬತ್ತಕ್ಕೆ ಸರಿಯಾಗಿ ದೇವಸ್ಥಾನಕ್ಕೆ ಹೊರಡುತ್ತಿದ್ದರು. ಮೊಮ್ಮಗಳ ಹೆಸರಲ್ಲಿ ನಲವತ್ತೆಂಟು ದಿನದ ಪ್ರದಕ್ಷಿಣೆ. ಆ ಒಂದು ಗಂಟೆಯೇ ಕಳ್ಳರ ಸಮಯ. ಬೆಳಗಿನ ಐದಕ್ಕೆ ಅಜ್ಜಿಯ ಎದುರು ಬಾಯಿಗೆ ಹಾಕಿಕೊಂಡ ಮಾತ್ರೆಯನ್ನು ಜಾಣತನದಿಂದ ಮುಷ್ಟಿಗೆ ಇಳಿಸಿ ಎತ್ತಿಟ್ಟುಕೊಳ್ಳುವುದು, ಚಹಾ ಪಾತ್ರೆಯಲ್ಲಿ ಎರಡು ಮೊಟ್ಟೆ ಬೇಯಿಸುವುದು, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸುವುದು!

ಫೋನಿನಲ್ಲಿ ಅವಳು ಮೊದಲ ಸಲ ಅವನ ಪೂರ್ತಿ ಮುಖ ನೋಡಿದ್ದು. ಕೆನ್ನೆ ಒಳಗೆ ಹೋಗಿತ್ತು, ಮೀಸೆ ಮಾತ್ರ ಶಿಸ್ತಾಗಿತ್ತು. ಇಷ್ಟು ಕಾಯಿಲೆಯಲ್ಲೂ ಮೀಸೆಗೆ ಕತ್ತರಿ ಹಾಕ್ಕೊಂಡು ಬಂದಿದಾನಲ್ಲಾ ಎಂದು ಅವಳಿಗೆ ನಗು ಬಂತು. ಆ ನಗು ಮಧ್ಯಾಹ್ನದವರೆಗೂ ಉಳಿದದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಅವನು ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿರುತ್ತಿದ್ದ. ತಟ್ಟೆಯಲ್ಲಿ ಇಡ್ಲಿ ಇಟ್ಟುಕೊಂಡು ಅದನ್ನು ವೈರಿಯಂತೆ ನೋಡುತ್ತಿದ್ದ. ತಿನ್ನುವುದಕ್ಕಿಂತ ಮಾತೇ ಜಾಸ್ತಿ. ಸೊಗಡಿರುವ ಅವರೆಕಾಯಿಯನ್ನು ಮೂಸಿಯೇ ಹೇಗೆ ಆರಿಸಬೇಕು, ಬದನೆಕಾಯಿಯ ತೊಟ್ಟು ಹೇಗಿದ್ದರೆ ಎಳೆಯದು, ಹೆಚ್ಚು ಚೌಕಾಸಿ ಮಾಡುವ ಅಜ್ಜಿಯರು ಯಾವ ಬೀದಿಯವರು ಎಂದೆಲ್ಲ ಹೇಳುತ್ತಿದ್ದ. ಊಟವನ್ನು ಇಷ್ಟು ಪ್ರೀತಿಸುವವನಿಗೆ ತುತ್ತು ಒಳಗೆ ಹೋಗುತ್ತಿರಲಿಲ್ಲ. ಊಟಕ್ಕೆ ಹಾತೊರೆಯುವ ಅವಳಿಗೆ ಮನೆಯಲ್ಲಿ ಅಪ್ಪಣೆಯಿರಲಿಲ್ಲ. ದೇವರ ಹಂಚಿಕೆಯೇ ಹಾಗೆ!

ಹತ್ತನೆಯ ದಿನ ಅವನು ಒಂದೂವರೆ ಇಡ್ಲಿ ತಿಂದು ವಾಂತಿಯಿಲ್ಲದೆ ಕೂತ. ಆ ದಿನ ಅವಳಿಗೆ ತನ್ನ ಎರಡು ಮೊಟ್ಟೆಗಿಂತ ಆ ಒಂದೂವರೆ ಇಡ್ಲಿಯೇ ರುಚಿಯಾಗಿತ್ತು.

ಅದೇ ವಾರ ಒಂದು ದಿನ ದೇವಸ್ಥಾನದ ಬಾಗಿಲು ಬೇಗ ಮುಚ್ಚಿತು. ಅಜ್ಜಿ ಒಂಬತ್ತೂಕಾಲಿಗೇ ವಾಪಸ್ಸಾದರು.

ರಕ್ಷಿತಾಳ ಬಾಯಲ್ಲಿ ಮೊಟ್ಟೆ, ಎದುರಿಗೆ ಫೋನಿನಲ್ಲಿ ಮೀಸೆಯ ಹುಡುಗ.

ಅಜ್ಜಿ ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು ಸೆರಗು ಬಾಯಿಗೊತ್ತಿಕೊಂಡರು. ಹೆಗಲು ಅಲುಗುತ್ತಿತ್ತು.

“ನಿಮ್ಮಪ್ಪನೂ ಹಿಂಗೇ ಪಥ್ಯ ಮುರಿದ,” ಎಂದರು. “ಹೊಸತೊಡಕಿನ ದಿವ್ಸ ಬಾಡಿನ ಸಾರು ಬೇಕು ಅಂದ. ಯುಗಾದಿ ಮಾರನೇ ದಿನ, ಊರೆಲ್ಲ ತಿಂತದೆ, ನನ್ನ ಮಗ ತಿನ್ನಬಾರದಾ ಅಂತ ನಾನೇ ಮಾಡಿ ಬಡಿಸ್ದೆ. ಮೂರು ವಾರಕ್ಕೆ ಹೋದ. ನನ್ನ ಕೈಯಾರೆ ಬಡಿಸಿ ಕೊಂದೆ ಕಣೇ.”

ಹದಿನೈದು ವರ್ಷದಿಂದ ಆ ಮನೆಯಲ್ಲಿ ಹೊಸತೊಡಕಿಗೆ ಒಲೆ ಹಚ್ಚುತ್ತಿರಲಿಲ್ಲ. ಯಾಕೆಂದು ರಕ್ಷಿತಾ ಒಂದು ದಿನವೂ ಕೇಳಿರಲಿಲ್ಲ. ಅಜ್ಜಿಯ ಪಥ್ಯ ಹಟವಲ್ಲ, ಶಿಕ್ಷೆ. ಮೊಮ್ಮಗಳಿಗೆ ಉಣಿಸದೆ ಅವರು ಮಗನಿಗೆ ಉಣಿಸಿದ್ದರ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದರು.

ಫೋನಿನಿಂದ ಮೆಲ್ಲಗೆ ಧ್ವನಿ ಬಂತು. “ಅಜ್ಜಿ, ನಾನು ಧರ್ಮೇಂದ್ರ. ನಂಗೂ ಇದೇ ಕಾಯಿಲೆ. ಒಂದು ಮಾತು ಕೇಳ್ಲಾ? ಅವರು ಮಾತ್ರೆ ಎಷ್ಟು ದಿವ್ಸ ತಗೊಂಡ್ರು?”

ಮುನಿಲಕ್ಷ್ಮಮ್ಮ ಕಣ್ಣೊರೆಸಿಕೊಂಡು ನೆನಪು ಮಾಡಿಕೊಂಡರು. ಎರಡು ತಿಂಗಳು ತೆಗೆದುಕೊಂಡ. ಕೆಮ್ಮು ನಿಂತಿತು, ವಾಸಿಯಾಯಿತೆಂದು ಬಿಟ್ಟುಬಿಟ್ಟ. ಆರು ತಿಂಗಳ ಮೇಲೆ ಮತ್ತೆ ಮಲಗಿದ. ಮಾಂಸದ ಸಾರು ಕೇಳುವ ಹೊತ್ತಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ.

“ಹಂಗಾದ್ರೆ ಸಾರಿನಿಂದ ಹೋಗಲಿಲ್ಲ ಅಜ್ಜಿ. ಮಾತ್ರೆ ಬಿಟ್ಟಿದ್ದಕ್ಕೆ ಹೋದ್ರು. ಹಸಿವು ಅಂತ ಕೇಳಿದ ಮಗನಿಗೆ ನೀವು ಬಡಿಸಿದ್ರಿ. ಅದೊಂದೇ ಅವರಿಗೆ ಸಿಕ್ಕಿದ ಸುಖ.”

ಅಜ್ಜಿ ಆ ಸಣ್ಣ ಪರದೆಯನ್ನೇ ನೋಡುತ್ತಾ ಕೂತರು. ಮಾರನೆಯ ದಿನ ದೇವಸ್ಥಾನಕ್ಕೆ ಹೋಗುವ ಬದಲು ರಕ್ಷಿತಾಳ ಜೊತೆ ಚಾಮರಾಜಪೇಟೆಗೆ ಬಂದು, ಯಶಶ್ರೀಯವರ ಎದುರು ಕೂತು, ಅದೇ ಪ್ರಶ್ನೆಯನ್ನು ಮೂರು ಥರ ತಿರುಗಿಸಿ ಕೇಳಿದರು. ಮೂರು ಸಲವೂ ಅದೇ ಉತ್ತರ ಬಂತು. ಆಟೋದಲ್ಲಿ ಮನೆಗೆ ಬರುವಾಗ ಅವರು ಮೊಮ್ಮಗಳ ಕೈಯನ್ನು ಬಿಡಲೇ ಇಲ್ಲ.

ಮಾರ್ಚ್ ಕೊನೆಗೆ ಯುಗಾದಿ ಬಂತು. ಮಾರನೆಯ ದಿನ ಆ ಮನೆಯ ಅಡುಗೆಕೋಣೆಯಿಂದ ಹದಿನೈದು ವರ್ಷದ ಮೇಲೆ ಮಸಾಲೆ ಅರೆದ ವಾಸನೆ ಎದ್ದಿತು. ಅಜ್ಜಿ ಮುದ್ದೆ ಕಟ್ಟಿದರು, ಸಾರು ಬಡಿಸಿದರು, ಎದುರಿಗೆ ಕೂತು ಮೊಮ್ಮಗಳು ತಿನ್ನುವುದನ್ನು ಪ್ರತಿ ತುತ್ತಿಗೂ ನೋಡಿದರು. ಲಂಘನಂ ಪರಮೌಷಧಂ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮುದುಕಿ ಆ ದಿನ ಅಷ್ಟೇ ಸಲ ಇನ್ನೊಂದು ತುಂಡು ಹಾಕ್ಕೊ ಎಂದರು. ರಕ್ಷಿತಾ ಅಳುತ್ತಲೇ ತಿಂದಳು.

* * *

ಏಪ್ರಿಲ್ ಮೊದಲ ವಾರದ ತೂಕದಲ್ಲಿ ಅವಳು ಮೂವತ್ತೆಂಟು. ನಾಲ್ಕು ಕಿಲೋ! ಕಫದ ಕಲ್ಚರ್ ವರದಿಯೂ ಬಂದಿತ್ತು. ಕ್ರಿಮಿ ಬೆಳೆದಿರಲಿಲ್ಲ. ಯಶಶ್ರೀ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಧರ್ಮೇಂದ್ರ ಅವತ್ತು ತಡವಾಗಿ ಬಂದು, ವೈದ್ಯರ ಕೋಣೆಯಲ್ಲಿ ಬಹಳ ಹೊತ್ತು ಇದ್ದು, ಹೊರಬಂದಾಗ ಅವಳ ವರದಿ ಕೇಳಿದ. ಅವನ ಕಣ್ಣುಗಳು ಹೊಳೆದವು. ತನ್ನದೂ ಚೆನ್ನಾಗಿದೆ ಎಂದ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಮಾರನೆಯ ದಿನ ಒಂಬತ್ತಕ್ಕೆ ಫೋನ್ ಬರಲಿಲ್ಲ.

ಹತ್ತಕ್ಕೂ ಬರಲಿಲ್ಲ. ಅವಳೇ ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನ ಒಂದು ಮೆಸೇಜು ಬಂತು. ನೀವು ಚೆನ್ನಾಗಿ ತಿನ್ನಿ, ಇನ್ನು ಫೋನು ಬೇಡ, ಒಳ್ಳೆಯದಾಗಲಿ. ಅಷ್ಟೇ.

ಒಳ್ಳೇದಾಗಲಿ ಅಂತೆ... ಹಾಗಾದರೆ ಇಷ್ಟು ದಿನದ್ದೇನು? ಪರಸ್ಪರ ಕಾವಲು, ಅಷ್ಟೇನಾ? ಕಳ್ಳತನ ಮುಗೀತು, ಕಾವಲುಗಾರ ಹೊರಟ. ರಕ್ಷಿತಾ ದಿಂಬಿಗೆ ಮುಖ ಒತ್ತಿ ಅತ್ತಳು. ಎರಡು ದಿನ ತಟ್ಟೆಯ ಮುಂದೆ ಕೂತು ಸುಮ್ಮನೆ ಎದ್ದಳು.

ಮೂರನೆಯ ದಿನ ಅವಳಿಗೆ ಭಯಂಕರ ಕೋಪ ಬಂತು. ಅವನಿಗೋಸ್ಕರ ನಾನು ಬದುಕೋದಾ, ಅವನು ಬಿಟ್ಟ ಅಂತ ನಾನು ಸಾಯೋದಾ? ಕೋಪದಲ್ಲೇ ಎರಡರ ಬದಲು ಮೂರು ಮೊಟ್ಟೆ ತಿಂದಳು, ಒಂದು ಲೋಟ ಹಾಲು ಕುಡಿದಳು, ಮಾತ್ರೆ ನುಂಗಿದಳು. ಹೊಟ್ಟೆ ತುಂಬಿದ ಮೇಲೆ ತಲೆಯೂ ಸರಿಯಾಗಿ ಓಡಿತು. ಯೋಚಿಸಿದರೆ ಇದೂ ಒಂದು ಸುಳ್ಳು ರೀಡಿಂಗ್ ಅನ್ನಿಸಿತು. ಅವನ ವರದಿಯನ್ನು ಅವಳು ಕಣ್ಣಾರೆ ನೋಡಿರಲಿಲ್ಲ.

ಅವತ್ತೇ ಗಾಂಧಿ ಬಜಾರಿಗೆ ಹೋದಳು. ಹೂವಿನ ಸಾಲು ದಾಟಿದ ಮೇಲೆ ಆ ಅಂಗಡಿ. ಅಂಜನಮ್ಮ ಒಬ್ಬರೇ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ಇವಳು ಹೆಸರು ಹೇಳುತ್ತಲೇ ಅವರ ಕೈ ನಿಂತಿತು. ಇವಳ ಮುಖವನ್ನು ಅವರು ಮಗನ ಫೋನಿನಲ್ಲಿ ನೋಡಿದ್ದರು.

ಗಿರಾಕಿಗಳಿಗೆ ತರಕಾರಿ ತೂಗಿ ಕೊಡುವ ನಡುವೆ ತುಂಡು ತುಂಡಾಗಿ ಅವರು ಎಲ್ಲ ಹೇಳಿದರು. ಅವನ ಕಫದಲ್ಲಿ ಕ್ರಿಮಿ ಇನ್ನೂ ಬೆಳೆಯುತ್ತಿತ್ತು. ಮೊದಲ ತಿಂಗಳು ವಾಂತಿಯಲ್ಲಿ ಹೋದ ಮಾತ್ರೆ, ಸೋತ ಮೈ, ಎರಡೂ ಸೇರಿ ಈ ಔಷಧಿ ಅವನಲ್ಲಿ ಗೆಲ್ಲಲಿಲ್ಲ. ಈಗ ಬೇರೆ ಮಾತ್ರೆಗಳು, ಹದಿನೆಂಟು ತಿಂಗಳು. ಅದನ್ನು ಕೇಳಿ ಬಂದ ದಿನದಿಂದ ಮಹಡಿಯ ಕೋಣೆಯಲ್ಲಿ ಮಲಗಿದ್ದಾನೆ, ಊಟ ಮುಟ್ಟುತ್ತಿಲ್ಲ.

“ನಾಟಿ ವೈದ್ಯರ ಹತ್ರ ಹೋಗೋಣ ಅಂದ್ರೂ ಬರಲ್ಲ ಅಂತಾನೆ. ಡಾಕ್ಟ್ರು ಕೊಟ್ಟಿದ್ದೂ ನುಂಗಲ್ಲ. ನಾನೇನು ಮಾಡ್ಲಿ ತಾಯಿ?”

ರಕ್ಷಿತಾ ಅಲ್ಲಿಂದ ಮನೆಗೆ ಹೋಗಿ ಅಜ್ಜಿಗೆ ನಡೆದದ್ದೆಲ್ಲ ಹೇಳಿದಳು. ಬಿಡು, ಆ ಹುಡುಗನ ಸಹವಾಸ ಬೇಡ, ನಿನಗೆ ಮತ್ತೆ ಅಂಟೀತು ಎನ್ನುತ್ತಾರೆಂದು ಹೆದರಿದ್ದಳು. ಮುನಿಲಕ್ಷ್ಮಮ್ಮ ರಾಗಿ ಅಂಬಲಿಗೆ ಹುರಿದ ಕಡಲೆಕಾಯಿ ಪುಡಿ ಬೆರೆಸಿ ಕ್ಯಾರಿಯರಿಗೆ ತುಂಬಿದರು. ಮೆಟ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ಬರ್ತೀಯಾ ಇಲ್ವಾ ಎಂದು ಮೊಮ್ಮಗಳನ್ನೇ ಗದರಿದರು.

ದಾರಿಯಲ್ಲಿ ಯಶಶ್ರೀಗೆ ಫೋನು ಮಾಡಿದ್ದೂ ಆಯಿತು. ವಾಂತಿ ತಡೆಯುವ ಮಾತ್ರೆ ಅರ್ಧ ಗಂಟೆ ಮೊದಲು, ಆಮೇಲೆ ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ, ಇಬ್ಬರೂ ಮಾಸ್ಕು ತೆಗೆಯಬಾರದು, ತೆರೆದ ಗಾಳಿಯಲ್ಲಿ ದೂರ ಕೂತು ಮಾತಾಡಿ ಎಂದು ಅವರು ಕಟ್ಟುನಿಟ್ಟಾಗಿ ಹೇಳಿದರು.

ಮಹಡಿಯ ಮೇಲೆ ಬಿಸಿಲಿತ್ತು. ಅಜ್ಜಿ, ಅಂಜನಮ್ಮ ಮೆಟ್ಟಿಲ ಹತ್ತಿರವೇ ಉಳಿದರು. ಕೋಣೆಯ ಬಾಗಿಲಲ್ಲಿ ಧರ್ಮೇಂದ್ರ ಕಾಣಿಸಿಕೊಂಡ. ಅವಳನ್ನು ನೋಡಿ ಗಾಬರಿಯಿಂದ ಮಾಸ್ಕು ಎಳೆದುಕೊಂಡ.

“ಅಲ್ಲೇ ನಿಲ್ಲಿ. ನಿಮ್ಮ ರಿಪೋರ್ಟ್ ಈಗ ತಾನೇ ಕ್ಲೀನ್ ಬಂದಿದೆ.”

“ಇಲ್ಲೇ ನಿಂತಿದೀನಿ. ಸುಳ್ಳು ಯಾಕೆ ಹೇಳಿದ್ರಿ?”

ಅವನು ಗೋಡೆಗೆ ಒರಗಿದ. ಅವಳಿಗೆ ಇನ್ನು ನಾಲ್ಕು ತಿಂಗಳಲ್ಲಿ ವಾಸಿಯಾಗುತ್ತದೆ, ಕೆಲಸಕ್ಕೆ ಹೋಗುತ್ತಾಳೆ, ಗಂಡು ನೋಡುತ್ತಾರೆ. ತಾನು ಹದಿನೆಂಟು ತಿಂಗಳು ಈ ಕೋಣೆಯಲ್ಲಿ ಕೊಳೆಯಬೇಕು, ಅದರಾಚೆ ಏನೋ ಗೊತ್ತಿಲ್ಲ. ಇದನ್ನೆಲ್ಲ ಅವನು ನೆಲ ನೋಡಿಕೊಂಡೇ ಹೇಳಿದ.

“ನಿಮ್ಮನ್ನ ಕಾಯ್ಸೋಕೆ ನಂಗೆ ಇಷ್ಟ ಇಲ್ಲ, ರಕ್ಷಿತಾ.”

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಕಾಯೋದು ಬಿಡೋದು ನಾನು ತೀರ್ಮಾನ ಮಾಡ್ತೀನಿ. ನೀವು ತೀರ್ಮಾನ ಮಾಡ್ಬೇಕಾಗಿರೋದು ಒಂದೇ, ಈ ಅಂಬಲಿ ಕುಡೀತೀರಾ ಇಲ್ವಾ ಅಂತ.”

“ಕುಡಿದ್ರೆ ವಾಂತಿ ಆಗುತ್ತೆ.”

“ಆಗ್ಲಿ. ಮತ್ತೆ ಕುಡೀರಿ. ನಮ್ಮಪ್ಪ ಬಿಟ್ಟುಬಿಟ್ರು. ನೀವು ಬಿಡೋ ಹಾಗಿಲ್ಲ. ನೀವು ಇಲ್ದೆ ಇದ್ರೆ ನಾನು ಬೆಳಿಗ್ಗೆ ಒಂಬತ್ತಕ್ಕೆ ಯಾರ ಮುಖ ನೋಡ್ಲಿ?”

ಮೆಟ್ಟಿಲ ಹತ್ತಿರ ಅಂಜನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜಿ ಕ್ಯಾರಿಯರನ್ನು ನೆಲದ ಮೇಲಿಟ್ಟು ಮೂಲೆಯಲ್ಲಿದ್ದ ಕೋಲಿನಿಂದ ಅವನ ಕಡೆ ತಳ್ಳಿದರು.

ಧರ್ಮೇಂದ್ರ ವಾಂತಿ ತಡೆಯುವ ಮಾತ್ರೆ ನುಂಗಿ ಅರ್ಧ ಗಂಟೆ ಕಾದ. ಆಮೇಲೆ ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತು ಕುಡಿದ. ನಾಲ್ಕು ಗುಟುಕು. ನಿಲ್ಲಿಸಿ ಉಸಿರು ಹಿಡಿದ. ಮತ್ತೆ ನಾಲ್ಕು ಗುಟುಕು. ಹೊರಗೆ ಮೂವರು ಹೆಂಗಸರು ಕಿಟಕಿಯತ್ತಲೇ ನೋಡುತ್ತಾ ನಿಂತಿದ್ದರು. ಒಂದು ಗಂಟೆಯಾದರೂ ಅಂಬಲಿ ಹೊಟ್ಟೆಯಲ್ಲೇ ಉಳಿಯಿತು.

* * *

ಹದಿನೆಂಟು ತಿಂಗಳೆಂದರೆ ಕಥೆಯಲ್ಲಿ ಒಂದು ಸಾಲು. ಬದುಕಿದವರಿಗೆ ಅದು ಐನೂರಕ್ಕೂ ಹೆಚ್ಚು ಬೆಳಗು.

ರಕ್ಷಿತಾ ಆರು ತಿಂಗಳಿಗೆ ತನ್ನ ಕೊನೆಯ ಮಾತ್ರೆ ನುಂಗಿದಳು, ನಲವತ್ತಾರು ಕಿಲೋ ತೂಗಿದಳು, ಕಾಲೇಜಿಗೆ ಹೋಗಿ ಹುಡುಗರ ರೀಡಿಂಗುಗಳನ್ನು ಮತ್ತೆ ಹಿಡಿಯತೊಡಗಿದಳು. ಒಂಬತ್ತರ ಫೋನು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಹೊಸ ಮಾತ್ರೆಗಳ ನಾಲ್ಕನೆಯ ತಿಂಗಳಲ್ಲಿ ಅವನ ಕಲ್ಚರ್ ಕ್ರಿಮಿಯಿಲ್ಲದೆ ಬಂದಾಗ ಇಬ್ಬರೂ ಫೋನಿನ ಎರಡು ಕಡೆ ಕೂತು ಅತ್ತರು. ಎಂಟನೆಯ ತಿಂಗಳಲ್ಲಿ ಪಾದದ ಉರಿ ತಡೆಯಲಾಗದೆ ಅವನು ಎಲ್ಲ ಬಿಡುತ್ತೇನೆಂದ. ಅವಳು ಆ ದಿನ ಅವನೊಂದಿಗೆ ಜಗಳವಾಡಲಿಲ್ಲ, ಮಾರನೆಯ ಬೆಳಿಗ್ಗೆ ಎಂಟಕ್ಕೇ ಬಂದು ಅವನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆಯ ಪ್ರಮಾಣ ಬದಲಾಯಿತು, ಉರಿ ಇಳಿಯಿತು.

ಅಂಜನಮ್ಮನಿಗೆ ಅಡುಗೆ ಹೇಳಿಕೊಡಲು ಮುನಿಲಕ್ಷ್ಮಮ್ಮ ವಾರಕ್ಕೊಮ್ಮೆ ಬರುತ್ತಿದ್ದರು. ಬಂದವರು ತರಕಾರಿ ಅಂಗಡಿಯಲ್ಲೇ ಸಂಜೆಯವರೆಗೆ ಕೂತು, ಕೆಮ್ಮುತ್ತಾ ಬಂದ ಗಿರಾಕಿಗಳಿಗೆಲ್ಲ ಕಫ ಪರೀಕ್ಷೆ ಮಾಡಿಸ್ಕೊ, ಪಥ್ಯ ಗಿಥ್ಯ ಅಂತ ಹೊಟ್ಟೆ ಕಟ್ಬೇಡ ಎಂದು ಬುದ್ಧಿ ಹೇಳುತ್ತಿದ್ದರು. ಹೊಸದಾಗಿ ಮತಾಂತರವಾದವರ ಉತ್ಸಾಹಕ್ಕೆ ಸಮ ಯಾವುದಿದೆ ಹೇಳಿ!

ಮರುವರ್ಷದ ಅಕ್ಟೋಬರಿನ ಒಂದು ಶನಿವಾರ ಧರ್ಮೇಂದ್ರನ ಕೊನೆಯ ವರದಿ ಬಂತು. ಯಶಶ್ರೀ ಕಾಗದವನ್ನು ಎರಡು ಸಲ ಓದಿ, ಅವನ ಮುಂದಿಟ್ಟು, ಇನ್ನು ಇಲ್ಲಿಗೆ ಬರುವುದು ವರ್ಷಕ್ಕೆರಡು ಸಲ, ಬರೀ ನಮ್ಮನ್ನು ಮಾತಾಡಿಸುವುದಕ್ಕೆ ಎಂದರು. ತೂಕ ಅರವತ್ತೊಂದು. ಪೂರ್ತಿ ಗುಣವಾಗಿತ್ತು. ಅವನು ಕಾಗದ ಹಿಡಿದುಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳು ಪಕ್ಕದಲ್ಲಿ ಕೂತಳು. ದೂರ ಬಿಟ್ಟು ಕೂರಬೇಕಾಗಿರಲಿಲ್ಲ.

ಮಧ್ಯಾಹ್ನ ಅಂಜನಮ್ಮನ ಮನೆಯಲ್ಲಿ ಊಟ. ಮುದ್ದೆ, ಬಸ್ಸಾರು, ಹುರುಳಿಕಾಯಿ ಪಲ್ಯ, ಮೊಟ್ಟೆ. ನಾಲ್ಕು ಜನ ನೆಲದ ಮೇಲೆ ಕೂತರು. ಈ ಎರಡು ವರ್ಷ ಆ ಮನೆಯಲ್ಲಿ ಊಟವೆಂದರೆ ಒಬ್ಬರು ಬೇಡುವುದು, ಒಬ್ಬರು ಸಾಕು ಎನ್ನುವುದು ಆಗಿತ್ತು. ಆರು ಸಲ ಸ್ವಲ್ಪ ಸ್ವಲ್ಪ, ಗಡಿಯಾರ ನೋಡಿ, ಔಷಧಿಯಂತೆ.

ಧರ್ಮೇಂದ್ರ ಮುದ್ದೆಯ ಕೊನೆಯ ತುತ್ತು ಸಾರಿನಲ್ಲಿ ಅದ್ದಿ ನುಂಗಿದ. ಬೆರಳು ನೆಕ್ಕಿದ. ಖಾಲಿ ತಟ್ಟೆ ನೋಡಿದ. ಆಮೇಲೆ ಬಹಳ ಸಹಜವಾಗಿ ಹೇಳಿದ.

“ಅಮ್ಮ, ಇನ್ನೂ ಹಸಿವಾಗ್ತಿದೆ. ಇನ್ನೊಂದು ಮುದ್ದೆ ಇದ್ರೆ ಹಾಕು.”

ಅಂಜನಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮಗನ ಬಾಯಿಂದ ಹಸಿವು ಎಂಬ ಮಾತು ಕೇಳಿ ಅವರಿಗೆ ಎರಡು ವರ್ಷವಾಗಿತ್ತು. ಎದ್ದು ಅಡುಗೆಕೋಣೆಗೆ ಹೋದರು. ಒಳಗೆ ಅವರು ಬಿಕ್ಕುವುದು ಹೊರಗೆ ಕೇಳಿಸಿತು. ಮುನಿಲಕ್ಷ್ಮಮ್ಮ ತಮ್ಮ ತಟ್ಟೆಯಲ್ಲಿ ಮುಟ್ಟದೆ ಇದ್ದ ಅರ್ಧ ಮುದ್ದೆಯನ್ನು ಮುರಿದು, ಅಮ್ಮ ತರುವವರೆಗೆ ಇದನ್ನು ತಿನ್ನಪ್ಪ ಎಂದು ಅವನ ತಟ್ಟೆಗೆ ಹಾಕಿದರು. ಅವನು ತಲೆ ತಗ್ಗಿಸಿ ತಿಂದ.

ರಕ್ಷಿತಾ ಅದನ್ನು ನೋಡಲಾಗದೆ ಹಿತ್ತಲಿನ ನಲ್ಲಿಯ ಹತ್ತಿರ ಬಂದು ನಿಂತಳು. ಸಂತೋಷಕ್ಕೆ ಇಷ್ಟೊಂದು ಅಳು ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎರಡನೆಯ ಮುದ್ದೆಯನ್ನೂ ಮುಗಿಸಿಯೇ ಅವನು ಕೈ ತೊಳೆಯಲು ಬಂದ. ತೊಳೆದ ಮೇಲೂ ಹೋಗಲಿಲ್ಲ. ಒದ್ದೆ ಕೈಯನ್ನು ಶರ್ಟಿಗೆ ಒರೆಸಿಕೊಂಡು, ಮೀಸೆ ಮುಟ್ಟಿ ನೋಡಿಕೊಂಡು, ಅವಳ ಎದುರು ನಿಂತ. ಈಗ ಶರ್ಟು ಮೈಗೆ ಸರಿಯಾಗಿ ಹಿಡಿದಿತ್ತು.

“ರಕ್ಷಿತಾ, ಇಷ್ಟು ದಿನ ಕೇಳ್ಬಾರ್ದು ಅಂತಿದ್ದೆ. ಇವತ್ತು ಕೇಳ್ಬಹುದು. ನನ್ನ ಮದುವೆ ಆಗ್ತೀಯಾ?”

‘ನೀವು’ ಹೋಗಿ ‘ನೀನು’ ಬಂದಿತ್ತು. ಅವಳು ಅದನ್ನು ಗಮನಿಸದವಳಂತೆ ನಲ್ಲಿ ತಿರುಗಿಸಿ ನಿಲ್ಲಿಸಿದಳು.

“ಎರಡು ವರ್ಷದಿಂದ ದಿನಾ ಬೆಳಿಗ್ಗೆ ನಿನ್ನ ಮುಖ ನೋಡ್ಕೊಂಡೇ ತಿಂಡಿ ತಿಂತಿದೀನಿ. ಇನ್ನೇನು ಕೇಳ್ತೀಯ?”

“ಹೂಂ ಅನ್ನೋದು ಕೇಳ್ಬೇಕು.”

ಅವಳು ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಬೆಚ್ಚಗಿತ್ತು, ಭಾರವಾಗಿತ್ತು.

“ಹೂಂ,” ಎಂದಳು ರಕ್ಷಿತಾ. “ಆಗ್ತೀನಿ.”